ನಮ್ಮ ಏರಿಯಾಗೆ ಹಸಿರು ಯಾಕೆ ಬರಲಿಲ್ಲ: ಇದನ್ನು ಅಧ್ಯಯನ ಮಾಡುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಲಗ್ಗೆರೆ ಕಡೆಯವಳು. ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಎರಡನೇ ವರ್ಷ ಓದುತ್ತಿದ್ದೇನೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅವರಿಗೆ ಶುಗರ್, ಬಿಪಿ ಎರಡೂ ಇವೆ, ನಿದ್ದೆ ಸರಿಯಾಗಿ ಬರುವುದಿಲ್ಲ. ಡಾಕ್ಟರು ‘ದಿನಾ ಪಾರ್ಕ್‌ನಲ್ಲಿ ವಾಕ್ ಮಾಡಿ, ಗಿಡಮರದ ನಡುವೆ ಇದ್ದರೆ ಮನಸ್ಸಿಗೂ ಒಳ್ಳೆಯದು’ ಎನ್ನುತ್ತಾರೆ. ನಮ್ಮ ಮನೆ ಹತ್ತಿರ ನಡೆಯುವಂಥ ಪಾರ್ಕೇ ಇಲ್ಲ. ಮಲ್ಲೇಶ್ವರದಲ್ಲಿರುವ ನನ್ನ ಗೆಳತಿಯ ಮನೆ ಸುತ್ತ ಮೂರು ಇವೆ. ಇದನ್ನೇ ಪ್ರಾಜೆಕ್ಟ್ ಮಾಡೋಣ ಅಂದುಕೊಂಡಿದ್ದೇನೆ. ಗೈಡ್ ‘ಮ್ಯಾಪ್ ನೋಡಿ ಪಾರ್ಕ್ ಎಣಿಸಿ, 100 ಜನರ ಸರ್ವೆ ಮಾಡಿ, ಸಾಕು’ ಅಂದರು. ಅಷ್ಟು ಸಾಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ:

ಸಾಕಾಗುವುದಿಲ್ಲ. ಮ್ಯಾಪ್ ನೋಡಿ ಎಣಿಸಿದರೆ ಪಾರ್ಕ್ ಎಷ್ಟಿವೆ ಅಂತ ಗೊತ್ತಾಗುತ್ತದೆ. ನಿಮ್ಮ ಅಮ್ಮ ಅದರೊಳಗೆ ಯಾವಾಗ ಕಾಲಿಡಬಹುದು, ಇಟ್ಟರೆ ಎಷ್ಟು ಹೊತ್ತು ನೆಮ್ಮದಿಯಾಗಿ ಕೂರಬಹುದು ಅನ್ನುವುದು ಗೊತ್ತಾಗುವುದಿಲ್ಲ. ನಿಮ್ಮ ಪ್ರಾಜೆಕ್ಟ್‌ನ ಜೀವ ಇರುವುದು ಅಲ್ಲಿ. ಸರ್ವೆ ಬೇಕು, ಮ್ಯಾಪೂ ಬೇಕು. ಆದರೆ ಆ ಎರಡರ ನಡುವೆ ಮಾಡಬೇಕಾದ ಕೆಲಸ ಜಾಸ್ತಿ ಇದೆ.

ಶುರು ಮಾಡುವ ಮೊದಲೇ ಒಂದು ಕೆಲಸ ಕೈಬಿಡಿ. ಹಸಿರು ಆರೋಗ್ಯಕ್ಕೆ ಒಳ್ಳೆಯದು ಎಂದು ಸಾಬೀತು ಮಾಡಲು ಹೋಗಬೇಡಿ. ಒಂದು ಎಂಎಸ್‌ಡಬ್ಲ್ಯು ಪ್ರಾಜೆಕ್ಟ್‌ನಲ್ಲಿ ಅದು ಆಗುವ ಮಾತಲ್ಲ. ಬೇರೆಯವರು ಆ ಕೆಲಸ ಸಾಕಷ್ಟು ಮಾಡಿದ್ದಾರೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಹಳೆಯ ದಾಖಲೆ ತೆಗೆದು ನೋಡಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಅವರ ಜೊತೆ ಹೋಲಿಸಲು ಆರಿಸಿದ ಇನ್ನು 23 ಜನರಿಗೆ ಕಾಣುತ್ತಿದ್ದದ್ದು ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ನೋವು ತಗ್ಗಿಸುವ ಜೋರು ಔಷಧಿಗಳನ್ನೂ ಕಡಿಮೆ ತೆಗೆದುಕೊಂಡರು. ಸಣ್ಣ ಅಧ್ಯಯನವೇ, ಆದರೆ ಈ ವಿಷಯದಲ್ಲಿ ಎಲ್ಲರೂ ಅದರಿಂದಲೇ ಮಾತು ಶುರು ಮಾಡುತ್ತಾರೆ.

ನಿಮಗೆ ಹೆಚ್ಚು ಬೇಕಾಗುವುದು ಆಮೇಲಿನ ಎರಡು. 2008ರಲ್ಲಿ ರಿಚರ್ಡ್ ಮಿಚೆಲ್ ಮತ್ತು ಫ್ರಾಂಕ್ ಪಾಪ್‌ಹ್ಯಾಮ್ ಇಂಗ್ಲೆಂಡಿನ ನಿವೃತ್ತಿ ವಯಸ್ಸಿಗಿಂತ ಕೆಳಗಿನ ಸುಮಾರು 4 ಕೋಟಿ ಜನರ ಲೆಕ್ಕ ನೋಡಿದರು. ಬಡವರು ಬೇಗ ಸಾಯುತ್ತಾರೆ, ಅದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಹಸಿರು ಜಾಸ್ತಿ ಇರುವ ಪ್ರದೇಶಗಳಲ್ಲಿ ಬಡವರ ಮತ್ತು ಉಳ್ಳವರ ನಡುವಿನ ಆ ಅಂತರ ಕಡಿಮೆ ಇತ್ತು. ಇನ್ನೊಂದು ಫಿಲಡೆಲ್ಫಿಯಾ ನಗರದ್ದು, 2018ರಲ್ಲಿ ಪ್ರಕಟವಾಯಿತು. ಕಸ ತುಂಬಿದ 541 ಖಾಲಿ ಸೈಟ್‌ಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದರಲ್ಲಿ ಕಸ ತೆಗೆದು ಹುಲ್ಲು ಹಾಕಿ, ನಾಲ್ಕಾರು ಮರ ನೆಟ್ಟು, ಮೋಟು ಬೇಲಿ ಕಟ್ಟಿದರು. ಇನ್ನೊಂದರಲ್ಲಿ ಬರೀ ಕಸ ತೆಗೆದರು. ಮೂರನೆಯದನ್ನು ಮುಟ್ಟಲಿಲ್ಲ. ಏನೂ ಮಾಡದ ಜಾಗದ ಅಕ್ಕಪಕ್ಕದವರಿಗೆ ಹೋಲಿಸಿದರೆ, ಹಸಿರು ಮಾಡಿದ ಜಾಗದ ಅಕ್ಕಪಕ್ಕದವರಲ್ಲಿ ‘ಮನಸ್ಸು ಕುಗ್ಗಿದೆ’ ಎನ್ನುವುದು ಶೇ. 41.5ರಷ್ಟು ಇಳಿಯಿತು. ಬಡ ಬಡಾವಣೆಗಳಲ್ಲಿ ಇಳಿಕೆ ಇನ್ನೂ ಹೆಚ್ಚು. ಬರೀ ಕಸ ತೆಗೆದ ಕಡೆ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅವರು ಕಬ್ಬನ್ ಪಾರ್ಕ್ ಕಟ್ಟಲಿಲ್ಲ ಅನ್ನುವುದನ್ನು ಗಮನಿಸಿ. ಬೀದಿ ಪಕ್ಕದ ಸೈಟಿನಲ್ಲಿ ಹುಲ್ಲು ಹಾಕಿದರು, ಅಷ್ಟೇ.

ಈ ವಿಷಯ ಹಿಡಿದವರು ಉತ್ಸಾಹದಲ್ಲಿ ಮರವನ್ನೇ ಔಷಧಿ ಮಾಡಿಬಿಡುತ್ತಾರೆ. ಅದಕ್ಕೆ ನಮ್ಮ ಕಡೆಯದೇ ಒಂದು ಉತ್ತರ ಇದೆ. ಟಿಬಿಗೆ ಔಷಧಿ ಇಲ್ಲದ ಕಾಲದಲ್ಲಿ ಊರಾಚೆ, ಗಾಳಿ ಬೆಳಕು ಇರುವ ಕಡೆ ಸ್ಯಾನಟೋರಿಯಂ ಕಟ್ಟುತ್ತಿದ್ದರು. ಮೈಸೂರಿನ ಪಿಕೆಟಿಬಿ ಆಸ್ಪತ್ರೆಯೂ ಹಾಗೆ ಶುರುವಾದದ್ದು. ಔಷಧಿ ಬಂದ ಮೇಲೆ, 1956ರಿಂದ ಮದ್ರಾಸಿನಲ್ಲಿ ಒಂದು ಪರೀಕ್ಷೆ ನಡೆಯಿತು. ಅರ್ಧ ಜನರನ್ನು ಸ್ಯಾನಟೋರಿಯಂನಲ್ಲಿ ಇಟ್ಟು ಒಳ್ಳೆ ಊಟ, ವಿಶ್ರಾಂತಿ, ಗಾಳಿ ಕೊಟ್ಟರು. ಉಳಿದರ್ಧ ಜನ ಇಕ್ಕಟ್ಟಾದ ತಮ್ಮ ಬಡ ಮನೆಗಳಲ್ಲೇ ಉಳಿದು ಅದೇ ಮಾತ್ರೆ ನುಂಗಿದರು. ವರ್ಷ ಕಳೆದಾಗ ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಮಾತ್ರೆ ಸರಿಯಾಗಿ ಸಿಕ್ಕರೆ ಬಡವರು ಮನೆಯಲ್ಲೇ ಗುಣವಾಗುತ್ತಾರೆ ಎಂದು ಅದರಿಂದ ಗೊತ್ತಾಯಿತು. ಟಿಬಿ ಚಿಕಿತ್ಸೆ ಮನೆ ಬಾಗಿಲಿಗೆ ಬರಲು ಅದೇ ದಾರಿ ಮಾಡಿತು. ಹಾಗಾಗಿ ನಿಮ್ಮ ವರದಿಯಲ್ಲಿ ‘ಪಾರ್ಕ್ ಇದ್ದರೆ ಶುಗರ್ ಇಳಿಯುತ್ತದೆ’ ಅನ್ನುವ ಧಾಟಿ ಬೇಡ. ನಿಮ್ಮ ಅಮ್ಮನಿಗೂ ಅದೇ ಮಾತು: ಮಾತ್ರೆ ತಪ್ಪಿಸಬಾರದು. ಶುಗರ್ ಮೇಲೆ ಕೆಲಸ ಮಾಡುವುದು ನಡಿಗೆ. ಅದು ಟೆರೇಸ್ ಮೇಲೆ ಊಟದ ನಂತರದ ಹತ್ತು ನಿಮಿಷ ಆದರೂ ಲೆಕ್ಕಕ್ಕೆ ಬರುತ್ತದೆ. ನಿದ್ದೆ ಬಾರದಿರುವುದನ್ನು ಡಾಕ್ಟರಿಗೆ ಬೇರೆಯಾಗಿ, ಬಿಡಿಸಿ ಹೇಳಲಿ.

ಹಾಗಾದರೆ ನಿಮ್ಮ ಪ್ರಶ್ನೆ ಏನಿರಬೇಕು? ಗೊತ್ತಿರುವ ಒಂದು ಒಳಿತು ಯಾರಿಗೆ ಸಿಗುತ್ತಿದೆ, ಯಾರಿಗೆ ಇಲ್ಲ, ಯಾಕೆ? ಈ ‘ಯಾಕೆ’ಗೆ ಬೆಂಗಳೂರಿನಲ್ಲಿ ಅರ್ಧ ಉತ್ತರ ಕಾಗದದಲ್ಲೇ ಸಿಗುತ್ತದೆ.

ಮಲ್ಲೇಶ್ವರ, ಬಸವನಗುಡಿ ಎರಡೂ 1898ರ ಪ್ಲೇಗ್ ಹೊತ್ತಿನ ಬಡಾವಣೆಗಳು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅಂತ ಅಗಲ ರಸ್ತೆ, ಬಯಲು, ಮರ ಎಲ್ಲ ಲೆಕ್ಕ ಹಾಕಿ ಕಟ್ಟಿದವು. ಅಂದರೆ ನಿಮ್ಮ ಗೆಳತಿಯ ಮನೆ ಸುತ್ತಲಿನ ಹಸಿರು ಆರೋಗ್ಯದ ಹೆಸರಲ್ಲೇ ಬಂದದ್ದು. ಆಮೇಲೆ 1976ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆ ಬಂತು. ಬಿಡಿಎ ಲೇಔಟ್ ಮಾಡಿದರೆ ಕನಿಷ್ಠ ಶೇ. 15ರಷ್ಟು ಜಾಗ ಪಾರ್ಕ್ ಮತ್ತು ಆಟದ ಮೈದಾನಕ್ಕೆ ಬಿಡಬೇಕು, ಸಿಎ ಸೈಟ್‌ಗಳಿಗೆ (ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯಗಳ ಜಾಗ) ಇನ್ನೂ ಶೇ. 10. ನಿಯಮ ಚೆನ್ನಾಗಿದೆ. ಆದರೆ ಅದು ಲೇಔಟ್ ಪ್ಲಾನ್ ಇರುವ ಕಡೆಗೆ ಮಾತ್ರ. ಹೊಲವನ್ನು ತುಂಡು ಮಾಡಿ ಮಾರಿದ ರೆವಿನ್ಯೂ ಸೈಟ್‌ಗಳಲ್ಲಿ, ಹಳೆಯ ಗ್ರಾಮಠಾಣಾದಲ್ಲಿ, ಸ್ಲಮ್‌ನಲ್ಲಿ ಆ ಶೇ. 15 ಬಿಡುವವರು ಯಾರು? ಬಿಟ್ಟರೆ ಮಾರುವವನಿಗೆ ನಷ್ಟ, ಕೊಳ್ಳುವವರಿಗೆ ಸೈಟ್ ದುಬಾರಿ. ಕಡಿಮೆ ಸಂಬಳದವರಿಗೆ ಎಟುಕುವುದು ಅಂಥ ಸೈಟೇ, ಅಂಥ ಬಾಡಿಗೆ ಮನೆಯೇ. ಮನೆಯ ಕಾಗದ ಬಿ ಖಾತಾ (ಸರಿಯಾದ ಮಂಜೂರಾತಿ ಇಲ್ಲದ ಆಸ್ತಿಯ ಖಾತಾ) ಅಂತಿದ್ದರೆ, ಆ ರಸ್ತೆಗೆ ಪಾರ್ಕ್ ಯಾಕಿಲ್ಲ ಅನ್ನುವುದಕ್ಕೆ ಒಳ್ಳೆ ಸುಳಿವು ಅದು. ಪಾರ್ಕ್ ಕೊರತೆಯನ್ನು ಎಲ್ಲರೂ ಪಾಲಿಕೆಯ ಉದಾಸೀನ ಅಂತ ಬರೆಯುತ್ತಾರೆ. ನೀವು ಜಾಗ ಹೇಗೆ ತುಂಡಾಯಿತು ಅನ್ನುವುದರಿಂದ ಬರೆಯಿರಿ. ನನ್ನ ಮಟ್ಟಿಗೆ ಅದು ಹೆಚ್ಚು ಗಟ್ಟಿ.

ಇದ್ದ ಪಾರ್ಕ್ ಉಳಿಸಿಕೊಳ್ಳುವುದೂ ಒಂದು ತಾಕತ್ತು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕ್‌ಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಪಾರ್ಕ್ ಜನರ ಆರೋಗ್ಯಕ್ಕೆ ಬೇಕಾದ್ದು, ಅದನ್ನು ಆಸ್ಪತ್ರೆಗೂ ಬಿಟ್ಟುಕೊಡುವಂತಿಲ್ಲ ಅನ್ನುವ ತೀರ್ಪು ಇಂದಿಗೂ ಕೆಲಸಕ್ಕೆ ಬರುತ್ತದೆ. ಆದರೆ ದಿಲ್ಲಿವರೆಗೆ ಕೇಸ್ ಒಯ್ಯುವ ದುಡ್ಡು, ಬಿಡುವು, ವಕೀಲರ ಪರಿಚಯ ಯಾವ ಬಡಾವಣೆಯವರಿಗೆ ಇರುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ಈಗ ಮ್ಯಾಪ್‌ಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಒಂದು ಅಂದಾಜು ಅಳತೆ ಕೊಡುತ್ತದೆ: ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧ ಹೆಕ್ಟೇರಿನ ಹಸಿರು ಜಾಗ ಇರಬೇಕು. ಅರ್ಧ ಹೆಕ್ಟೇರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 50 ಗುಂಟೆ. ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ, ಆದರೆ ಎರಡು ಕಡೆ ಎಚ್ಚರ.

ಒಂದು, ಸ್ಕೇಲ್ ಇಟ್ಟು ನೇರ ಗೆರೆ ಎಳೆಯಬೇಡಿ. ತುಮಕೂರು ರಸ್ತೆಯೋ ರಿಂಗ್ ರೋಡೋ ನಡುವೆ ಬಂದರೆ ಮ್ಯಾಪ್‌ನ 300 ಮೀಟರ್ ಕಾಲಿಗೆ ಒಂದು ಕಿಲೋಮೀಟರ್ ಆಗಬಹುದು. ಸ್ಕೈವಾಕ್ ಹತ್ತಿ ಇಳಿಯಬೇಕು. ಮಂಡಿ ನೋವಿನವರು ಅಲ್ಲೇ ವಾಪಸ್ ಬರುತ್ತಾರೆ. ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿಕೊಂಡು ನಡಿಗೆಯ ದಾರಿಯಲ್ಲೇ ದೂರ ಅಳೆಯಬಹುದು. ಅಳೆದ ಮೇಲೆ ಆ ದಾರಿಯಲ್ಲಿ ನಡೆದು ನೋಡಿ. ಅಮ್ಮನ ಜೊತೆ ನಡೆದರೆ ಇನ್ನೂ ಒಳ್ಳೆಯದು. ನಿಮ್ಮ ಕಾಲಿನ ವೇಗ ಬೇರೆ.

ಎರಡು, ಉಪಗ್ರಹ ಚಿತ್ರದ ಹಸಿರನ್ನು ಸುಮ್ನೆ ನಂಬಬೇಡಿ. ಸೆಂಟಿನೆಲ್-2 ಚಿತ್ರಗಳು ಉಚಿತವಾಗಿ ಸಿಗುತ್ತವೆ. 10 ಮೀಟರ್ ಚೌಕದ ಮಟ್ಟಕ್ಕೆ ಎಲ್ಲಿ ಎಲೆ ಇದೆ, ಎಲ್ಲಿ ಸಿಮೆಂಟ್ ಇದೆ ಅಂತ ಲೆಕ್ಕ ಹಾಕಬಹುದು. ಆದರೆ ಉಪಗ್ರಹಕ್ಕೆ ಗೇಟ್ ಕಾಣುವುದಿಲ್ಲ. ಗಾಲ್ಫ್ ಕೋರ್ಸ್, ಸೇನೆಯ ಜಾಗ, ದೊಡ್ಡ ಸಂಸ್ಥೆಗಳ ಕ್ಯಾಂಪಸ್, ಅಪಾರ್ಟ್‌ಮೆಂಟ್ ಒಳಗಿನ ಹುಲ್ಲುಹಾಸು ಎಲ್ಲ ಒಂದೇ ಹಸಿರು. ಹೊರಗಿನ ರಸ್ತೆಯವರಿಗೆ ಅದರಿಂದ ಸ್ವಲ್ಪ ತಂಪು ಬರಬಹುದು, ಕೂರಲು ಜಾಗ ಬರುವುದಿಲ್ಲ. ಹಾಗಾಗಿ ಎಲೆಯ ಹಸಿರು ಬೇರೆ, ಬಾಗಿಲು ತೆರೆದ ಹಸಿರು ಬೇರೆ ಅಂತ ಎರಡು ಮ್ಯಾಪ್ ಮಾಡಿ. ಕೆಲವು ಏರಿಯಾಗಳಲ್ಲಿ ಇವೆರಡರ ನಡುವೆ ಇರುವ ಅಂತರವೇ ನಿಮ್ಮ ವರದಿಯ ಒಂದು ಅಧ್ಯಾಯ ಆಗುತ್ತದೆ.

ಆಮೇಲೆ ಗೇಟ್ ಹತ್ತಿರ ಹೋಗಿ ನಿಲ್ಲಿ. ನನ್ನ ಪ್ರಕಾರ ಇಡೀ ಅಧ್ಯಯನದಲ್ಲಿ ಹೆಚ್ಚು ಸಮಯ ಕಳೆಯಬೇಕಾದ ಜಾಗ ಇದು. ನಮ್ಮ ಎಷ್ಟೋ ಪಾರ್ಕ್‌ಗಳಲ್ಲಿ ದೊಡ್ಡ ಗೇಟಿಗೆ ಬೀಗ ಇರುತ್ತದೆ. ಪಕ್ಕದಲ್ಲಿ ಕಬ್ಬಿಣದ ಪೈಪ್ ಬಗ್ಗಿಸಿ ಮಾಡಿದ, ಅಡ್ಡ ತಿರುಗಿ ನುಸುಳಿ ಹೋಗುವ ಸಣ್ಣ ದಾರಿ. ಹಸು ಬರಬಾರದು, ಬೈಕ್ ನುಗ್ಗಬಾರದು ಅಂತ ಮಾಡಿದ್ದು. ವೀಲ್‌ಚೇರ್ ಕೂಡ ಬರುವುದಿಲ್ಲ, ಮಗುವಿನ ತಳ್ಳುಗಾಡಿಯೂ ಬರುವುದಿಲ್ಲ, ವಾಕರ್ ಹಿಡಿದ ಅಜ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಡಾಕ್ಟರ ಸಲಹೆ ಯಾರಿಗೆ ಜಾಸ್ತಿ ಬೇಕೋ ಅವರನ್ನೇ ಆ ಪೈಪ್ ಹೊರಗಿಡುತ್ತದೆ. ಟೇಪ್ ತೆಗೆದುಕೊಂಡು ಹೋಗಿ ಅಗಲ ಅಳೆದು ಬರೆದುಕೊಳ್ಳಿ. ಒಳಗಿನ ಬೋರ್ಡ್ ಓದಿ: ಚೆಂಡಾಟ ಇಲ್ಲ, ತಿಂಡಿ ತರುವ ಹಾಗಿಲ್ಲ, ಬೆಂಚಿನ ಮೇಲೆ ಮಲಗುವ ಹಾಗಿಲ್ಲ, ಹುಲ್ಲಿನ ಮೇಲೆ ಕೂರುವ ಹಾಗಿಲ್ಲ. ನಡೆಯುವವರಿಗೆ ತೊಂದರೆ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಸೆಕ್ಯುರಿಟಿ ಗಾರ್ಡ್‌ಗೆ, ಮಧ್ಯಾಹ್ನ ಬುತ್ತಿ ಬಿಚ್ಚಬೇಕಾದ ಪೌರಕಾರ್ಮಿಕರಿಗೆ, ಒಂದು ಕೋಣೆಯ ಮನೆಯ ಮಕ್ಕಳಿಗೆ ಬೋರ್ಡಿನ ಒಂದೊಂದು ಸಾಲೂ ತೊಂದರೆಯೇ. ಟಾಯ್ಲೆಟ್ ಇದೆಯಾ, ಇದ್ದರೆ ಬೀಗ ಇಲ್ಲದೆ ಇದೆಯಾ, ಕತ್ತಲಾದ ಮೇಲೆ ಲೈಟ್ ಉರಿಯುತ್ತದಾ ಅನ್ನುವುದನ್ನೂ ನೋಡಿ. ಹೆಂಗಸರು ಬರುವುದು ಬಿಡುವುದು ಅದರ ಮೇಲೇ ನಿಂತಿರುತ್ತದೆ.

ಸಮಯದ ವಿಷಯ ಬೇರೆಯೇ. ತುಂಬಾ ವರ್ಷ ಬೆಂಗಳೂರಿನ ಪಾರ್ಕ್‌ಗಳು ಬೆಳಿಗ್ಗೆ ಕೆಲವು ಗಂಟೆ ತೆರೆದು, ನಡುವೆ ಮುಚ್ಚಿ, ಮತ್ತೆ ಸಂಜೆ ತೆರೆಯುತ್ತಿದ್ದವು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕು ಅಂತಾಯಿತು. ನೀವು ಆಯ್ದುಕೊಂಡ ಪಾರ್ಕ್‌ನಲ್ಲಿ ಅದು ನಡೆಯುತ್ತಿದೆಯಾ ಅಂತ ಮಧ್ಯಾಹ್ನ ಹನ್ನೆರಡಕ್ಕೂ ರಾತ್ರಿ ಒಂಬತ್ತಕ್ಕೂ ಹೋಗಿ ನೋಡಿ. ಲಾಲ್‌ಬಾಗ್‌ನ ಪದ್ಧತಿಯನ್ನೂ ಗಮನಿಸಿ: ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಉಚಿತ, ಆಮೇಲೆ ಹೋದರೆ ಟಿಕೆಟ್. ಬೆಳಿಗ್ಗೆ ಬರಲು ಆಗುವವರು ಹತ್ತಿರದ ಬಡಾವಣೆಯವರು. ಭಾನುವಾರ ಮಧ್ಯಾಹ್ನ ಬಸ್ ಹತ್ತಿ ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬ ದುಡ್ಡು ಕೊಟ್ಟು ಒಳಗೆ ಹೋಗುತ್ತದೆ. ಯಾರೂ ಬೇಕಂತ ಹೀಗೆ ಮಾಡಿದ್ದಲ್ಲ. ಆದರೆ ಪರಿಣಾಮ ಏನಾಗುತ್ತದೆ ನೋಡಿ.

ಪಾರ್ಕ್ ಒಳಗೆ ಎಣಿಸುವುದಕ್ಕೆ ಸೋಪಾರ್ಕ್ ಅನ್ನುವ ವಿಧಾನ ಇದೆ. ಪಾರ್ಕನ್ನು ಕೆಲವು ಭಾಗ ಮಾಡಿಕೊಂಡು, ದಿನದಲ್ಲಿ ನಿಗದಿ ಹೊತ್ತಿಗೆ ಎಡದಿಂದ ಬಲಕ್ಕೆ ಒಮ್ಮೆ ಕಣ್ಣು ಹಾಯಿಸಿ, ಎಷ್ಟು ಗಂಡಸರು, ಹೆಂಗಸರು, ಮಕ್ಕಳು, ವಯಸ್ಸಾದವರು, ಕೂತಿದ್ದಾರಾ, ನಡೆಯುತ್ತಿದ್ದಾರಾ ಅಂತ ಬರೆಯುವುದು. ಫೋಟೋ ಬೇಡ, ಯಾರನ್ನೂ ಮಾತಾಡಿಸುವುದೂ ಬೇಡ. ವಾರದ ದಿನ ಮತ್ತು ಭಾನುವಾರ ಎರಡೂ ಇರಲಿ. ಜಾತಿ, ಆದಾಯವನ್ನು ಮುಖ ನೋಡಿ ಊಹೆ ಮಾಡಿ ಬರೆಯುವ ಚಟ ಕೆಲವರಿಗಿದೆ, ಅದನ್ನು ಮಾತ್ರ ಮಾಡಬೇಡಿ.

ಗೈಡ್ ಹೇಳಿದ 100 ಜನರ ಸರ್ವೆಯ ದೊಡ್ಡ ಅಪಾಯ ಈಗ ನಿಮಗೇ ಹೊಳೆದಿರಬಹುದು. ಪಾರ್ಕ್‌ನಲ್ಲಿ ನಿಂತು 100 ಜನರನ್ನು ಕೇಳಿದರೆ ಸಿಗುವುದು ಪಾರ್ಕ್‌ಗೆ ಬರಲು ಆದವರು. ಅವರಿಗೆ ಕಾಲು ಗಟ್ಟಿ ಇದೆ, ಬಿಡುವು ಇದೆ, ಮನೆಯಲ್ಲಿ ಬೇಡ ಅನ್ನುವವರಿಲ್ಲ. ಅವರ ಮನಸ್ಸು ಹಗುರ ಇದೆ ಅಂತ ಬಂದರೆ ಅದು ಪಾರ್ಕ್‌ನಿಂದಲೋ, ಹಗುರ ಇರುವವರೇ ಬರುವುದರಿಂದಲೋ ಹೇಳಲಾಗುವುದಿಲ್ಲ. ಆದ್ದರಿಂದ ಮನೆಗಳಿಂದ ಶುರು ಮಾಡಿ. ಲಗ್ಗೆರೆಯಲ್ಲಿ ಎರಡು ಬೀದಿ, ಮಲ್ಲೇಶ್ವರದಲ್ಲಿ ಎರಡು ಬೀದಿ ಆರಿಸಿ, ಪ್ರತಿ ಐದನೆಯದೋ ಹತ್ತನೆಯದೋ ಬಾಗಿಲು ಅಂತ ಲೆಕ್ಕ ಇಟ್ಟು ಕೇಳಿ. ಮಲ್ಲೇಶ್ವರದ ಆ ಮನೆಗಳಲ್ಲಿ ಕೆಲಸಕ್ಕೆ ಬರುವವರನ್ನೂ ಬಿಡಬೇಡಿ. ದಿನಾ ಪಾರ್ಕ್ ಪಕ್ಕದಲ್ಲೇ ಓಡಾಡುವವರು ಒಳಗೆ ಹೋಗುತ್ತಾರಾ ಅನ್ನುವುದು ಒಳ್ಳೆ ಪ್ರಶ್ನೆ. ಅವರ ಜೊತೆ ಮನೆಯ ಯಜಮಾನರ ಎದುರು ಮಾತಾಡಬೇಡಿ. ಗಾರ್ಮೆಂಟ್ಸ್ ಹೆಂಗಸರನ್ನು ಫ್ಯಾಕ್ಟರಿ ಗೇಟಿನಲ್ಲಿ ನಿಲ್ಲಿಸಬೇಡಿ, ಭಾನುವಾರ ಮಧ್ಯಾಹ್ನ ಅಡುಗೆ, ಬಟ್ಟೆ ಮುಗಿದ ಮೇಲೆ ಹೋಗಿ.

‘ನೀವು ಪಾರ್ಕ್‌ಗೆ ಹೋಗುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಅಂತ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ‘ಮನಸ್ಸಿಗೆ ಬೇಜಾರಾದಾಗ ಎಲ್ಲಿ ಹೋಗಿ ಕೂರ್ತೀರಿ?’ ಅಂತ ಕೇಳಿ ನೋಡಿ. ಅರಳಿ ಕಟ್ಟೆ, ದೇವಸ್ಥಾನದ ಅಂಗಳ, ಚರ್ಚ್ ಕಾಂಪೌಂಡ್, ದರ್ಗಾದ ಬೇವಿನ ಮರ, ಟೆರೇಸ್‌ನ ನೀರಿನ ಟ್ಯಾಂಕ್ ನೆರಳು, ಹೀಗೆ ಏನೇನೋ ಬರಬಹುದು. ಮ್ಯಾಪ್‌ನಲ್ಲಿ ಇವು ಯಾವುವೂ ಪಾರ್ಕ್ ಅಲ್ಲ. ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ಎಂಬ ಸಂಶೋಧಕರು ಬೆಂಗಳೂರಿನ 44 ಸ್ಲಮ್‌ಗಳಲ್ಲಿ ಗಿಡಮರ ನೋಡಿ 2014ರಲ್ಲಿ ಬರೆದರು. ಅಷ್ಟು ಇಕ್ಕಟ್ಟಿನಲ್ಲೂ ಜನ ನುಗ್ಗೆ, ತೆಂಗು ಬೆಳೆಸಿದ್ದರು. ಮರದ ಕೆಳಗೇ ಅಡುಗೆ, ಹರಟೆ, ಮಕ್ಕಳ ಆಟ, ಚಿಲ್ಲರೆ ವ್ಯಾಪಾರ ನಡೆಯುತ್ತಿತ್ತು. ನಿಮ್ಮ ಬೀದಿಯಲ್ಲೂ ಕಿಟಕಿಯ ಸಜ್ಜಾ ಮೇಲೆ ಪೇಂಟ್ ಡಬ್ಬದಲ್ಲಿ ತುಳಸಿ, ಒಡೆದ ಬಕೆಟ್‌ನಲ್ಲಿ ದೊಡ್ಡಪತ್ರೆ ಇರುತ್ತದೆ. ಎಣಿಸಿಕೊಳ್ಳಿ. ಯಾರು ನೀರು ಹಾಕುತ್ತಾರೆ, ಯಾಕೆ ಬೆಳೆಸಿದರು, ಓನರ್ ಬೇಡ ಅಂದಿದ್ದಾರಾ ಅಂತ ಕೇಳಿ. ಬಾಡಿಗೆಯವರಿಗೆ ಕುಂಡ ಇಡಲೂ ಅನುಮತಿ ಬೇಕು ಅನ್ನುವುದು ಮಲ್ಲೇಶ್ವರದ ಸ್ವಂತ ಮನೆಯವರಿಗೆ ತಟ್ಟನೆ ಹೊಳೆಯುವುದಿಲ್ಲ.

ಕೆರೆ ಬಗ್ಗೆಯೂ ಎರಡು ಮಾತು. ನಿಮ್ಮ ಸುತ್ತಮುತ್ತ ಅಭಿವೃದ್ಧಿಯಾದ ಕೆರೆ ಇದ್ದರೆ ಅದನ್ನು ಖಂಡಿತ ಸೇರಿಸಿಕೊಳ್ಳಿ. ಬೇಲಿ, ವಾಕಿಂಗ್ ಪಾತ್, ಬೆಂಚ್ ಬಂದ ಮೇಲೆ ನಡೆಯುವವರಿಗೆ ಅದು ಆರಾಮದ ಜಾಗ. ಮೊದಲು ಅಲ್ಲಿ ದನ ತೊಳೆಯುತ್ತಿದ್ದವರು, ಹುಲ್ಲು ಕೊಯ್ಯುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು ಎಲ್ಲಿ ಹೋದರು? 2000ರ ದಶಕದಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಾಗ 2008ರಲ್ಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿತ್ತು. ಅಲ್ಲಿನ ವಾದಗಳಲ್ಲೂ ಈ ಜನರ ಪ್ರಶ್ನೆ ಇತ್ತು. ಒಬ್ಬರ ಮನಸ್ಸು ಹಗುರಾಗಿಸುವ ಜಾಗ ಇನ್ನೊಬ್ಬರ ಹೊಟ್ಟೆಪಾಡಿನ ಜಾಗ ಆಗಿತ್ತು. ಊರಿನ ಹಳಬರನ್ನು ಕೇಳಿದರೆ ಹೇಳುತ್ತಾರೆ.

ಮನಸ್ಸಿನ ನೆಮ್ಮದಿ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಪಟ್ಟಿ ಸಾಕು. ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ, ಒಂದೊಂದಕ್ಕೆ 0ರಿಂದ 5 ಅಂಕ, ಒಟ್ಟನ್ನು 4ರಿಂದ ಗುಣಿಸಿದರೆ 100ಕ್ಕೆ ಲೆಕ್ಕ. ಕನ್ನಡದಲ್ಲಿ ಕೇಳುವಾಗ ಪುಸ್ತಕದ ಮಾತು ಬೇಡ, ನಿಮ್ಮ ಬೀದಿಯ ನಾಲ್ಕು ಜನರ ಮುಂದೆ ಓದಿ, ಅರ್ಥವಾಯಿತಾ ಅಂತ ನೋಡಿಕೊಂಡು ತಿದ್ದಿ. ಖಿನ್ನತೆಯ ದೊಡ್ಡ ಪ್ರಶ್ನಾವಳಿಗಳನ್ನು ಕೈಗೆತ್ತಿಕೊಳ್ಳಬೇಡಿ. ಅವುಗಳಲ್ಲಿ ಸಾಯುವ ಯೋಚನೆಯ ಬಗ್ಗೆ ಪ್ರಶ್ನೆ ಇರುತ್ತದೆ, ‘ಹೌದು’ ಅಂದವರನ್ನು ಸುಮ್ಮನೆ ಬಿಟ್ಟು ಬರುವ ಹಾಗಿಲ್ಲ. ಐದು ಪ್ರಶ್ನೆ ಕೇಳುವಾಗಲೂ ಯಾರಾದರೂ ಅಳಬಹುದು. ಪೆನ್ ಕೆಳಗಿಟ್ಟು ಕೇಳಿಸಿಕೊಳ್ಳಿ. ಟೆಲಿ ಮಾನಸ್‌ನ 14416 ನಂಬರ್ ಬರೆದ ಚೀಟಿಗಳು ಚೀಲದಲ್ಲಿರಲಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲೇ ಪಡೆಯಿರಿ. ಮನೆಯವರು ‘ಪಾರ್ಕ್ ಮಾಡಿಸ್ತೀರಾ?’ ಅಂತ ಕೇಳೇ ಕೇಳುತ್ತಾರೆ. ಹೂಂ ಅನ್ನಬೇಡಿ.

ಜನಸಂಖ್ಯೆಯ ಲೆಕ್ಕದಲ್ಲಿ ಒಂದು ತಲೆನೋವು ಇದೆ. ವಾರ್ಡ್ ಮಟ್ಟದಲ್ಲಿ ಕೈಗೆ ಸಿಗುವ ಸೆನ್ಸಸ್ 2011ರದ್ದು, 198 ವಾರ್ಡ್‌ಗಳ ಕಾಲದ್ದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ವಾರ್ಡ್ ಗಡಿಗಳೂ ಬದಲಾದವು. ಹಳೆ ಲೆಕ್ಕವನ್ನು ಹೊಸ ಗಡಿಗೆ ಬಲವಂತವಾಗಿ ಕೂರಿಸಬೇಡಿ. ಹಳೆ ಗಡಿಯಲ್ಲೇ ಲೆಕ್ಕ ಹಾಕಿ, ಹಾಗೆಂದು ಬರೆಯಿರಿ.

ಈ ವಾರವೇ ಮಾಡಬೇಕಾದ ಕೆಲಸ ಆರ್‌ಟಿಐ ಅರ್ಜಿ. ಉತ್ತರಕ್ಕೆ 30 ದಿನ ಸಮಯ ಇರುತ್ತದೆ, ತಡ ಮಾಡಿದರೆ ನಿಮ್ಮ ಸಬ್‌ಮಿಷನ್ ಬಂದುಬಿಡುತ್ತದೆ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ನಿಮ್ಮ ಎರಡು ಏರಿಯಾಗಳ ಪಾರ್ಕ್‌ಗಳ ಪಟ್ಟಿ, ವಿಸ್ತೀರ್ಣ, ಮೂರು ವರ್ಷದ ನಿರ್ವಹಣೆ ಖರ್ಚು ಕೇಳಿ ಒಂದು ಹಾಕಿ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯಡಿ ಆ ಏರಿಯಾಗಳಲ್ಲಿ ಯಾವ ಯಾವ ಜಾಗ ಪಟ್ಟಿಯಲ್ಲಿದೆ ಅಂತ ಕೇಳಿ ಇನ್ನೊಂದು. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಮೊದಲನೆಯ ವಿಷಯಕ್ಕೆ ಮಾತ್ರ ಉತ್ತರ ಬರಬಹುದು. ಸ್ವೀಕೃತಿ ಸೀಲ್ ಹಾಕಿಸಿದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, 30 ದಿನ ಕಳೆದರೂ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಅದೇ ಆಧಾರ.